ಮಂತ್ರಶಾಲೆಯೂ ಸಭೆಯೂ

ವೃತ್ತಪತ್ರಗಳನ್ನು ದಿನಾಲು ಓದುವ ನಮ್ಮ ವಾಚಕ ಮಹಾಶಯರಿಗೆ ‘ರಾಷ್ಟ್ರೀಯ ಭದ್ರತಾ ಸಲಹೆಗಾರ’ರೆಂಬ ಹೆಸರು ಈಗ ಅಪರಿಚಿತವಾಗಿ ಉಳಿದಿಲ್ಲ. ಗಡಿಯಲ್ಲಿ ಗುಂಡು ಹಾರಿದ ಮರುದಿನವಾಗಲಿ, ಪರರಾಷ್ಟ್ರದ ಮಂತ್ರಿಗಳು ದಿಲ್ಲಿಗೆ ಬಂದಿಳಿದ ದಿನವಾಗಲಿ ಈ ಅಧಿಕಾರಿಗಳ ಹೆಸರು ಮೊದಲನೆಯ ಪುಟದಲ್ಲಿಯೇ ಇರುತ್ತದೆ. ಆದರೂ ಇವರನ್ನು ಆರಿಸಿದವರಾರು, ಇವರ ಅಧಿಕಾರವು ಯಾವ ಕಾಯಿದೆಯಿಂದ ಬಂದುದು, ಇವರು ಯಾರಿಗೆ ಲೆಕ್ಕ ಒಪ್ಪಿಸತಕ್ಕವರು ಎಂದು ಕೇಳಿದರೆ ಬಲ್ಲವರೆನಿಸಿಕೊಂಡವರು ಕೂಡ ತಡವರಿಸುತ್ತಾರೆ. ಸವಣೂರಿನ ಒಬ್ಬ ತಾಯಿ ಈಚೆಗೆ ನಮ್ಮನ್ನು ಕೇಳಿದ ಪ್ರಶ್ನೆಯು ಇದಕ್ಕಿಂತಲೂ ಸರಳವಾಗಿದ್ದಿತು. ಅವರ ಮಗನು ದಂಡಿನಲ್ಲಿದ್ದಾನೆ. “ಮಾಸ್ತರ, ನಮ್ಮ ಹುಡುಗನ್ನ ಯಾವ ಗಡಿಗೆ ಕಳಸಬೇಕು ಅಂತ ಠರಾಯಿಸೋರು ನಾವು ಓಟು ಹಾಕಿದವರೋ, ಬ್ಯಾರೆಯವರೋ?”

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಓಟು ಪಡೆದವರು ಕೂಡುವ ಸ್ಥಾನಕ್ಕೆ ಸಭೆಯೆಂದೂ, ರಾಜ್ಯದ ಗುಟ್ಟಿನ ಆಲೋಚನೆ ನಡೆಯುವ ಸ್ಥಾನಕ್ಕೆ ಮಂತ್ರಶಾಲೆಯೆಂದೂ ನಮ್ಮ ಪೂರ್ವಿಕರು ಹೆಸರಿಟ್ಟಿದ್ದರು. ಸಭೆಯಲ್ಲಿ ಪಳಗಿದ ನಾಯಕನು ಮಂತ್ರಶಾಲೆಯನ್ನು ಹೊಕ್ಕರೆ ಏನಾಗುತ್ತದೆ, ನಮ್ಮ ಕನ್ನಡನಾಡಿನಲ್ಲಿ ಹಾಗೆ ಹೊಕ್ಕವರು ಯಾರು, ಅವರು ಅಲ್ಲಿ ಮಾಡಿದ್ದೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ನಮ್ಮ ಸೀಮೆಯವರಿಗೆ ಮಂತ್ರಾಲೋಚನೆಯ ಕಥೆಯು ಹೊಸದೇನಲ್ಲ. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಯಿಸಿಕೊಂಡ ಹಾನಗಲ್ಲನ್ನು ಜನರು ಇಂದಿಗೂ ವಿರಾಟನಗರವೆಂದು ಹೇಳಿಕೊಳ್ಳುತ್ತಾರೆ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ವಿರಾಟನಗರವೆಂದು ಹೆಮ್ಮೆಪಡುವ ಊರುಗಳು ದೇಶದಲ್ಲಿ ಇನ್ನೂ ಕೆಲವಿವೆ. ಆದರೆ ಕಥೆಯು ನಮ್ಮ ವಿಷಯಕ್ಕೆ ಬಹಳ ಒಪ್ಪುವಂಥದು. ಇಂದ್ರಪ್ರಸ್ಥದಲ್ಲಿ ಮಯನಿರ್ಮಿತವಾದ ಸಭೆಯ ಯಜಮಾನನಾಗಿದ್ದ ಧರ್ಮರಾಯನು ವಿರಾಟನಲ್ಲಿ ಕಂಕನೆಂಬ ಹೆಸರಿನಿಂದ ಜೂಜಿನ ಜೊತೆಗಾರನೂ ಸಲಹೆಗಾರನೂ ಆಗಿ ಒಂದು ವರ್ಷ ಸೇವೆ ಮಾಡಿದನು. ಸಭಾನಾಯಕನು ಪರರ ಮಂತ್ರಶಾಲೆಯಲ್ಲಿ ಸಂಬಳದವನಾದ ಮೊದಲ ದೃಷ್ಟಾಂತವು ಇದೇ ಇರಬೇಕು. ಗೋಗ್ರಹಣದ ಯುದ್ಧದಲ್ಲಿ ಕೌರವರನ್ನು ಗೆದ್ದವನು ತನ್ನ ಮಗ ಉತ್ತರನೆಂದು ವಿರಾಟನು ಹಿಗ್ಗುತ್ತಿರುವಾಗ, ಬೃಹನ್ನಳೆಯು ಸಾರಥಿಯಾಗಿದ್ದ ಮೇಲೆ ಗೆಲ್ಲದಿರುವುದುಂಟೇ ಎಂದು ಕಂಕನು ನಿಜವನ್ನೇ ಹೇಳಿದನು. ಅರಸನು ಸಿಟ್ಟಾಗಿ ಕೈಯಲ್ಲಿದ್ದ ದಾಳದಿಂದ ಅವನ ಮೋರೆಗೆ ಹೊಡೆದನು. ಮೂಗಿನಿಂದ ಸುರಿದ ರಕ್ತವು ನೆಲಕ್ಕೆ ಬೀಳದಂತೆ ಸೈರಂಧ್ರಿಯು ಪಾತ್ರೆಯನ್ನು ಹಿಡಿಯಬೇಕಾಯಿತು. ಮುಚ್ಚಿದ ಕೋಣೆಯಲ್ಲಿ ಒಡೆಯನಿಗೆ ಹಿತವಲ್ಲದ ಸತ್ಯವನ್ನು ಹೇಳುವವನ ಪಾಡು ಎಂಥದೆಂಬುದನ್ನು ವ್ಯಾಸರು ಇದಕ್ಕಿಂತ ಚೆನ್ನಾಗಿ ತೋರಿಸುವಂತಿರಲಿಲ್ಲ. ಹೊರಗೆ ನಿಂತ ಪ್ರಜೆಗಳಿಗೆ ಆ ಪೆಟ್ಟಿನ ಸಪ್ಪಳವು ಕೇಳಿಸಲೂ ಇಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಶಾಸ್ತ್ರವು ಏನು ಹೇಳುತ್ತದೆ? ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಗ್ರಂಥ. ಅದರ ತಾಳೆಯೋಲೆಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ರುದ್ರಪಟ್ಟಣ ಶಾಮಶಾಸ್ತ್ರಿಗಳು. ಜಗತ್ತಿನ ರಾಜನೀತಿಜ್ಞರು ಇಂದು ಚಾಣಕ್ಯನ ಹೆಸರನ್ನು ಹೇಳುತ್ತಿದ್ದರೆ ಅದಕ್ಕೆ ಕನ್ನಡನಾಡಿನ ಒಬ್ಬ ಪಂಡಿತರ ಕಣ್ಣು ಕಾರಣವೆಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳತಕ್ಕದ್ದು. ಆ ಗ್ರಂಥದ ಮೊದಲನೆಯ ಅಧಿಕರಣದ ಹದಿನೈದನೆಯ ಅಧ್ಯಾಯವು ಮಂತ್ರಾಧಿಕಾರ. ಆಲೋಚನೆಯ ಸ್ಥಳವು ಮಾತು ಹೊರಬೀಳದಂತೆ, ಪಕ್ಷಿಗಳಿಗೂ ಕಾಣದಂತೆ ಇರಬೇಕೆಂದು ಅಲ್ಲಿ ವಿಧಿಸಿದೆ. ಗಿಳಿ ಗೊರವಂಕಗಳಿಂದಲೂ ನಾಯಿಗಳಿಂದಲೂ ಮಂತ್ರವು ಒಡೆದುಹೋದುದುಂಟೆಂದು ಕೇಳಿಬರುತ್ತದೆಂಬ ಎಚ್ಚರಿಕೆಯೂ ಇದೆ. ಅರಸನು ಒಬ್ಬನೇ ಆಲೋಚಿಸಲಿ ಎಂದು ಭಾರದ್ವಾಜನ ಮತ. ಒಬ್ಬನ ಆಲೋಚನೆಯಿಂದ ಮಂತ್ರಸಿದ್ಧಿಯಾಗದೆಂದು ವಿಶಾಲಾಕ್ಷನ ಮತ. ಮೂವರು ನಾಲ್ವರು ಮಂತ್ರಿಗಳೊಡನೆ ಆಲೋಚಿಸತಕ್ಕದ್ದೆಂದು ಕೌಟಿಲ್ಯನ ನಿರ್ಣಯ.

ಇಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚುವವರು ಬಹಳ. ಅದೇ ಅಧ್ಯಾಯದಲ್ಲಿ ಮುಂದೆ ಇನ್ನೊಂದು ಮಾತಿದೆ. ಇಂದ್ರನ ಮಂತ್ರಿಪರಿಷತ್ತಿನಲ್ಲಿ ಸಾವಿರ ಋಷಿಗಳಿದ್ದರಂತೆ. ಅವರೇ ಅವನ ಕಣ್ಣುಗಳಾದುದರಿಂದ ಎರಡೇ ಕಣ್ಣಿನವನಾದರೂ ಅವನಿಗೆ ಸಹಸ್ರಾಕ್ಷನೆಂಬ ಹೆಸರು ಬಂದಿತಂತೆ. ಎಂದರೆ ಗುಟ್ಟಿಗೆ ಮೂವರು ನಾಲ್ವರು, ದೃಷ್ಟಿಗೆ ಸಾವಿರ ಜನ. ಎರಡನ್ನೂ ಒಬ್ಬನೇ ಆಚಾರ್ಯನು ಒಂದೇ ಅಧ್ಯಾಯದಲ್ಲಿ ಹೇಳಿದ್ದಾನೆಂಬುದು ನಮಗೆ ಬಹಳ ಮಹತ್ತ್ವದ್ದಾಗಿ ತೋರುತ್ತದೆ.

ಇನ್ನು ಈ ಕಾಲದ ಮಂತ್ರಶಾಲೆಗೆ ಬರೋಣ. ರಾಷ್ಟ್ರೀಯ ಭದ್ರತಾ ಮಂಡಲಿಯನ್ನು ೧೯೯೦ರಲ್ಲಿ ವಿಶ್ವನಾಥ ಪ್ರತಾಪ ಸಿಂಗರ ಸರಕಾರವು ಒಮ್ಮೆ ಸ್ಥಾಪಿಸಿತ್ತಾದರೂ ಅದು ಕಾರ್ಯಕ್ಕೆ ಬಾರದೆ ಹೋಯಿತು. ಪೋಖರಣದ ಅಣುಪರೀಕ್ಷೆಗಳಾದ ೧೯೯೮ರ ನವೆಂಬರದಲ್ಲಿ ಅಟಲ ಬಿಹಾರಿ ವಾಜಪೇಯಿಯವರ ಸರಕಾರವು ಅದನ್ನು ಮತ್ತೆ ಕಟ್ಟಿ, ಜೊತೆಗೆ ಸಲಹೆಗಾರರ ಹುದ್ದೆಯನ್ನು ಹುಟ್ಟಿಸಿತು. ಪ್ರಧಾನಿ, ಗೃಹ, ರಕ್ಷಣೆ, ವಿದೇಶಾಂಗ ಮತ್ತು ಹಣಕಾಸಿನ ಮಂತ್ರಿಗಳು ಮಂಡಲಿಯ ಮುಖ್ಯ ಸದಸ್ಯರು. ಸಲಹೆಗಾರರ ಹುದ್ದೆಯು ಸಂವಿಧಾನದಲ್ಲಿ ಹೇಳಿದ್ದಲ್ಲ, ಲೋಕಸಭೆಯು ಮಾಡಿದ ಕಾಯಿದೆಯಿಂದ ಹುಟ್ಟಿದ್ದೂ ಅಲ್ಲ. ಸರಕಾರದ ನಿರ್ಣಯದಿಂದ ಆದದ್ದು. ಮಂತ್ರಿಗಳಾದವರು ಸಂವಿಧಾನದ ೭೫ನೆಯ ಅನುಚ್ಛೇದದ ಪ್ರಕಾರ ಲೋಕಸಭೆಗೆ ಸಾಮೂಹಿಕವಾಗಿ ಹೊಣೆಗಾರರು. ಸಲಹೆಗಾರರು ಹೊಣೆಗಾರರಾಗಿರುವುದು ಪ್ರಧಾನಿಯವರಿಗೆ.

ಆ ಪೀಠದಲ್ಲಿ ಕುಳಿತವರನ್ನು ಎಣಿಸಿ ನೋಡಿರಿ. ೧೯೯೮ರಲ್ಲಿ ಬೃಜೇಶ ಮಿಶ್ರ, ೨೦೦೪ರಲ್ಲಿ ಜ್ಯೋತೀಂದ್ರನಾಥ ದೀಕ್ಷಿತ, ೨೦೦೫ರಲ್ಲಿ ಎಂ. ಕೆ. ನಾರಾಯಣನ್, ೨೦೧೦ರಲ್ಲಿ ಶಿವಶಂಕರ ಮೆನನ್, ೨೦೧೪ರಲ್ಲಿ ಅಜಿತ ಡೋವಲ್, ಇವರಿಗೆ ೨೦೧೯ರಲ್ಲಿ ಸಂಪುಟದರ್ಜೆಯ ಮಂತ್ರಿಯ ಸ್ಥಾನಮಾನವೂ ಬಂದಿತು. ಮೂವರು ವಿದೇಶಾಂಗ ಸೇವೆಯವರು, ಇಬ್ಬರು ಪೋಲೀಸು ಸೇವೆಯಿಂದ ಬಂದು ಗುಪ್ತವಾರ್ತಾ ಇಲಾಖೆಯ ಮುಖ್ಯಸ್ಥರಾದವರು. ಓಟು ಕೇಳಿ ಗೆದ್ದು ಸಭೆಯಲ್ಲಿ ಕುಳಿತವರು ಒಬ್ಬರೂ ಇಲ್ಲ. ಬೃಜೇಶ ಮಿಶ್ರರ ತಂದೆ ದ್ವಾರಕಾಪ್ರಸಾದ ಮಿಶ್ರರು ಮಧ್ಯಪ್ರದೇಶದ ಮುಖ್ಯಮಂತ್ರಿಗಳಾಗಿ ಶಾಸನಸಭೆಯನ್ನು ಆಳಿದವರು. ತಂದೆಯ ಕಾಲದಲ್ಲಿ ಸಭೆ, ಮಗನ ಕಾಲದಲ್ಲಿ ಮಂತ್ರಶಾಲೆ. ಒಂದೇ ಮನೆಯಲ್ಲಿ ದೇಶದ ಅಧಿಕಾರವು ಜಾರಿದ ದಿಕ್ಕು ಕಾಣುವುದಿಲ್ಲವೆ?

ಪರದೇಶಗಳಲ್ಲಿ ಮಾತ್ರ ಸಭೆಯವರು ಈ ಪೀಠವನ್ನು ಏರಿದ್ದುಂಟು. ಇರಾಣದ ಅಲಿ ಲಾರಿಜಾನಿಯವರು ೨೦೦೫ರಿಂದ ೨೦೦೭ರ ವರೆಗೆ ಅಲ್ಲಿಯ ಪರಮೋಚ್ಚ ರಾಷ್ಟ್ರೀಯ ಭದ್ರತಾ ಮಂಡಲಿಯ ಕಾರ್ಯದರ್ಶಿಗಳಾಗಿದ್ದು, ೨೦೦೮ರಿಂದ ೨೦೨೦ರ ವರೆಗೆ ಮಜ್ಲಿಸಿನ ಅಧ್ಯಕ್ಷಪೀಠದಲ್ಲಿ ಕುಳಿತು, ೨೦೨೫ರ ಆಗಸ್ಟಿನಲ್ಲಿ ಮತ್ತೆ ಅದೇ ಕಾರ್ಯದರ್ಶಿತ್ವಕ್ಕೆ ನೇಮಕವಾದರು. ಆ ರಾಜ್ಯದಲ್ಲಿ ಕಡೆಯ ಮಾತು ಮಜ್ಲಿಸಿನದಲ್ಲವಾದುದರಿಂದ ಈ ಉದಾಹರಣೆಯಿಂದ ನಾವು ಹೆಚ್ಚಿಗೆ ಕಲಿಯುವದಿಲ್ಲ. ಅಮೇರಿಕದ ಉದಾಹರಣೆಯು ಹೆಚ್ಚು ಬೋಧಪ್ರದವಾದದ್ದು. ೨೦೧೯ರಿಂದ ಅಲ್ಲಿಯ ಪ್ರತಿನಿಧಿಸಭೆಯಲ್ಲಿದ್ದ ಮೈಕ್ ವಾಲ್ಟ್ಜ್ ಎಂಬವರು ೨೦೨೫ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪರ ಭದ್ರತಾ ಸಲಹೆಗಾರರಾದರು. ಮಾರ್ಚ ತಿಂಗಳಲ್ಲಿ ಯೆಮೆನ್ ದೇಶದ ಮೇಲೆ ವಿಮಾನದಾಳಿ ಮಾಡುವ ಆಲೋಚನೆಯನ್ನು ಮೊಬೈಲಿನ ಸಿಗ್ನಲ್ ಎಂಬ ಸಾಧನದಲ್ಲಿ ಕೆಲವು ಮಂತ್ರಿಗಳು ನಡೆಸುತ್ತಿದ್ದಾಗ, ಆ ಗುಂಪಿನಲ್ಲಿ ಒಬ್ಬ ಮಾಸಪತ್ರಿಕೆಯ ಸಂಪಾದಕರು ಅನವಧಾನದಿಂದ ಸೇರಿಹೋಗಿ ಎಲ್ಲವನ್ನೂ ಓದಿದರು! ಮೇ ತಿಂಗಳ ಮೊದಲ ದಿನ ವಾಲ್ಟ್ಜ್ ಅವರ ಹುದ್ದೆ ಹೋಯಿತು. ಕೌಟಿಲ್ಯನ ಗಿಳಿ ಗೊರವಂಕಗಳು ಈಗ ಜೇಬಿನಲ್ಲಿಯೇ ಇರುತ್ತವೆ. ಸಭೆಯಿಂದ ಬಂದ ಮಾತ್ರಕ್ಕೆ ಮಂತ್ರರಕ್ಷಣೆಯು ಬಾರದೆಂಬುದು ಇದರಿಂದ ಸ್ಪಷ್ಟ. ಅಂಥ ನಿರೀಕ್ಷೆಯನ್ನು ನಾವು ಇಟ್ಟುಕೊಳ್ಳತಕ್ಕದ್ದೂ ಅಲ್ಲ.

ನಮ್ಮ ನಾಡಿನ ಮಾತು ಹೇಗೆ? ಕರ್ನಾಟಕದಿಂದ ಆ ಸಲಹೆಗಾರರ ಪೀಠಕ್ಕೆ ಯಾರೂ ಹೋಗಿಲ್ಲ. ಆದರೆ ಆ ಪೀಠವು ಹುಟ್ಟುವದಕ್ಕೆ ಎರಡು ವರ್ಷ ಮೊದಲೇ, ಅದರ ಹೊರೆಯನ್ನೆಲ್ಲ ತಮ್ಮ ತಲೆಯ ಮೇಲೆಯೇ ಹೊರಬೇಕಾದ ಒಬ್ಬ ಶಾಸನಸಭಾನಾಯಕರು ನಮ್ಮಲ್ಲಿ ಆಗಿದ್ದಾರೆ. ಹಾಸನ ಜಿಲ್ಲೆಯ ಹರದನಹಳ್ಳಿಯ ದೇವೇಗೌಡರು ೧೯೬೨ರಲ್ಲಿ ಹೊಳೆನರಸೀಪುರದಿಂದ ಯಾವ ಪಕ್ಷದ ಬೆಂಬಲವೂ ಇಲ್ಲದೆ ಗೆದ್ದು ಮೈಸೂರು ಶಾಸನಸಭೆಯನ್ನು ಸೇರಿದರು. ೧೯೭೨ರಿಂದ ವಿರೋಧಪಕ್ಷದ ನಾಯಕರಾಗಿ, ದೇವರಾಜ ಅರಸರ ಸರಕಾರವನ್ನು ಪ್ರಶ್ನೆಗಳಿಂದ ಪೀಡಿಸುತ್ತ ಬೆಳೆದರು. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯನ್ನೂ ಕಂಡರು. ೧೯೯೪ರ ಡಿಸೆಂಬರದಲ್ಲಿ ಮುಖ್ಯಮಂತ್ರಿ, ೧೯೯೬ರ ಜೂನ ೧ರಂದು ಪ್ರಧಾನಮಂತ್ರಿ. ನೀರಾವರಿ, ರಸ್ತೆ, ರೈತರ ಸಾಲ ಇವುಗಳನ್ನು ಬೆರಳತುದಿಯಲ್ಲಿ ಇಟ್ಟುಕೊಂಡಿದ್ದ ಈ ಗೃಹಸ್ಥರಿಗೆ ಅಣ್ವಸ್ತ್ರ, ಚೀನದ ಗಡಿ, ಗಂಗೆಯ ನೀರು ಇವು ಒಂದರ ಹಿಂದೆ ಒಂದರಂತೆ ಬಂದು ಎದುರು ನಿಂತವು. ದಿಲ್ಲಿಯ ಪತ್ರಿಕೆಗಳು ಆಗ ಅವರ ಭಾಷೆಯನ್ನೂ ನಿದ್ದೆಯನ್ನೂ ಕುರಿತು ಬರೆದಷ್ಟು ಅವರ ನಿರ್ಣಯಗಳನ್ನು ಕುರಿತು ಬರೆಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಅಣುಪರೀಕ್ಷೆಯ ಸಂಪೂರ್ಣ ನಿಷೇಧದ ಒಪ್ಪಂದ. ಜಿನೀವಾದಲ್ಲಿ ೧೯೯೬ರ ಆಗಸ್ಟಿನಲ್ಲಿ ಭಾರತವು ಅದಕ್ಕೆ ಒಪ್ಪಲಿಲ್ಲ. ಸೆಪ್ಟೆಂಬರ ೧೦ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ೧೫೮ ರಾಷ್ಟ್ರಗಳು ಪರವಾಗಿಯೂ ಮೂರೇ ರಾಷ್ಟ್ರಗಳು ವಿರುದ್ಧವಾಗಿಯೂ ಮತವಿತ್ತವು. ಆ ಮೂರು ಯಾವುವೆಂದರೆ ಭಾರತ, ಭೂತಾನ, ಲಿಬಿಯ. ಹದಿಮೂರು ಪಕ್ಷಗಳ ಹೊಲಿಗೆಯಿಂದ ನಿಂತ ಸರಕಾರವು ಇಡೀ ಜಗತ್ತಿನೆದುರು ‘ಒಲ್ಲೆ’ ಎಂದು ಹೇಳಿದ್ದು ಸಾಮಾನ್ಯ ಸಂಗತಿಯಲ್ಲ. ಈ ‘ಒಲ್ಲೆ’ಯು ಬಹಿರಂಗವಾಗಿ ಹೇಳಿದ ಮಾತಾದುದರಿಂದ ಅದರ ಗುಣದೋಷಗಳನ್ನು ಚಹದ ಅಂಗಡಿಯಲ್ಲಿ ಕೂಡ ಚರ್ಚಿಸಲು ಬಂದಿತು. ಅದೇ ವರ್ಷದ ಡಿಸೆಂಬರ ೧೨ರಂದು ಬಾಂಗ್ಲಾದೇಶದ ಶೇಖ್ ಹಸೀನರೊಡನೆ ಮೂವತ್ತು ವರ್ಷಗಳ ಗಂಗಾಜಲದ ಒಪ್ಪಂದಕ್ಕೆ ದೇವೇಗೌಡರೇ ಸಹಿ ಹಾಕಿದರು. ಕಾವೇರಿಯ ಜಗಳದಲ್ಲಿ ಬೆಳೆದವರು ಬೇರೆಯವರ ನದಿಯ ಜಗಳವನ್ನು ತೀರಿಸಿದ್ದು ದೈವದ ವಿನೋದವೇ ಸರಿ.

ಇವೆರಡರ ನಡುವೆ, ನವೆಂಬರ ೨೯ರಂದು, ಚೀನದ ಅಧ್ಯಕ್ಷ ಜಿಯಾಂಗ್ ಜೆಮಿನ್‌ರು ದಿಲ್ಲಿಗೆ ಬಂದಾಗ ಇನ್ನೊಂದು ಒಪ್ಪಂದವಾಯಿತು. ವಾಸ್ತವಿಕ ನಿಯಂತ್ರಣರೇಖೆಯ ಉದ್ದಕ್ಕೂ ಎರಡೂ ಸೈನ್ಯಗಳು ಪರಸ್ಪರ ವಿಶ್ವಾಸವನ್ನು ಬೆಳೆಸುವ ಉಪಾಯಗಳು ಅದರಲ್ಲಿದ್ದವು. ಅದರ ಆರನೆಯ ವಿಧಿಯ ತಾತ್ಪರ್ಯವೇನಂದರೆ, ಆ ರೇಖೆಯಿಂದ ಎರಡು ಕಿಲೋಮೀಟರಿನೊಳಗೆ ಯಾವ ಪಕ್ಷವೂ ಗುಂಡು ಹಾರಿಸಕೂಡದು, ಸಿಡಿಮದ್ದು ಸ್ಫೋಟಿಸಕೂಡದು. ಶಾಂತಿಗಾಗಿ ಮಾಡಿದ ನಿಯಮ. ಬಹುಕಾಲ ಅದು ಶಾಂತಿಯನ್ನು ಕಾಯ್ದದ್ದೂ ಸತ್ಯ. ನಮ್ಮ ದೇಶದಲ್ಲಿ ಇಂಥ ಒಪ್ಪಂದಗಳಿಗೆ ಲೋಕಸಭೆಯ ಅನುಮೋದನೆಯು ಕಡ್ಡಾಯವಲ್ಲ. ಆದುದರಿಂದ ನಮ್ಮಂಥ ಗೃಹಸ್ಥರು ಆ ಎರಡು ಕಿಲೋಮೀಟರಿನ ಮಾತನ್ನು ಕೇಳಿದ್ದು ೨೦೨೦ರ ಜೂನಿನಲ್ಲಿ. ಗಲ್ವಾನ್ ಕಣಿವೆಯಲ್ಲಿ ಜೂನ ೧೫ರ ರಾತ್ರಿ ನಮ್ಮ ಇಪ್ಪತ್ತು ಜನ ಯೋಧರು ಮಡಿದರು. ಕಲ್ಲು, ಮೊಳೆ ಬಡಿದ ಬಡಿಗೆ ಇಂಥವುಗಳ ಕಾದಾಟ. ಕೈಯಲ್ಲಿ ಬಂದೂಕಿದ್ದೂ ಏಕೆ ಹಾರಿಸಲಿಲ್ಲವೆಂದು ವಿರೋಧಪಕ್ಷದವರು ಕೇಳಿದಾಗ ವಿದೇಶಾಂಗ ಮಂತ್ರಿಗಳು ೧೯೯೬ರ ಮತ್ತು ೨೦೦೫ರ ಒಪ್ಪಂದಗಳನ್ನು ಮುಂದಿಟ್ಟರು. ಒಂದು ಸಹಿಯು ಇಪ್ಪತ್ತನಾಲ್ಕು ವರ್ಷಗಳಾದ ಮೇಲೆ, ಆ ಸಹಿಯ ಕಾಲಕ್ಕೆ ಎಷ್ಟೋ ಜನ ಹುಟ್ಟಿಯೂ ಇರದ ಹುಡುಗರ ಕೈಯನ್ನು ಕಟ್ಟಿತು.

ಇದರಲ್ಲಿ ದೇವೇಗೌಡರ ಅಪರಾಧವನ್ನು ಹುಡುಕುವವರು ಹುಡುಕಲಿ, ನಾವು ಹುಡುಕುವುದಿಲ್ಲ. ನಿಯಮವು ಒಳ್ಳೆಯದೇ ಇರಬಹುದು. ವಿರೋಧಪಕ್ಷದಲ್ಲಿದ್ದಾಗ ಪ್ರತಿಯೊಂದು ಕಾಲುವೆಯ ಮೊಳದ ಲೆಕ್ಕವನ್ನು ಸಭೆಯಲ್ಲಿ ಕೇಳುತ್ತಿದ್ದ ನಾಯಕರ ಕೈಯಲ್ಲಿ ಅಧಿಕಾರ ಬಂದಾಗಲೂ ಮಂತ್ರಶಾಲೆಯ ರೂಢಿಯು ಬದಲಾಗಲಿಲ್ಲವೆಂಬುದೇ ನಮ್ಮ ಮನಸ್ಸಿಗೆ ಚುಚ್ಚುವ ಸಂಗತಿ. ಪೀಠಕ್ಕೆ ಸಭೆಯವನನ್ನು ತಂದು ಕೂಡಿಸಿದರೆ ಸಾಕೆಂಬ ಮಾತು ಇಲ್ಲಿ ಸೋಲುತ್ತದೆ. ಎಸ್. ಎಂ. ಕೃಷ್ಣರ ಸಂಗತಿಯೂ ಅಷ್ಟೇ. ೧೯೮೯ರಿಂದ ೧೯೯೩ರ ವರೆಗೆ ನಮ್ಮ ವಿಧಾನಸಭೆಯ ಅಧ್ಯಕ್ಷರು, ಅನಂತರ ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ. ೨೦೦೯ರಿಂದ ೨೦೧೨ರ ವರೆಗೆ ವಿದೇಶಾಂಗ ಮಂತ್ರಿಯಾಗಿ ಭದ್ರತಾ ಮಂಡಲಿಯ ಸದಸ್ಯರು. ಸಭೆಯಲ್ಲಿ ಮೃದುಮಾತಿನಿಂದ ಗದ್ದಲವನ್ನು ಅಡಗಿಸಬಲ್ಲ ಕೃಷ್ಣರು ೨೦೧೧ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಮೇಜಿನ ಮೇಲಿದ್ದ ಪೋರ್ತುಗಲ್ ಮಂತ್ರಿಯ ಭಾಷಣದ ಕಾಗದವನ್ನು ತಮ್ಮದೆಂದು ಕೆಲವು ನಿಮಿಷ ಓದಿದ್ದನ್ನು ಜನರು ನೆನೆದು ನಗುತ್ತಾರೆ. ನಗಬಾರದು. ಬೇರೆಯವರು ಬರೆದುಕೊಟ್ಟುದನ್ನು ಓದುವುದೇ ಮಂತ್ರಶಾಲೆಯ ಪದ್ಧತಿಯಾದ ಮೇಲೆ ಯಾರ ಕಾಗದವಾದರೇನು!

ಈ ಗುಟ್ಟಿನ ನಿರ್ಣಯಗಳ ಬೆಲೆಯನ್ನು ಕೊಡುವವರು ಎಲ್ಲಿರುತ್ತಾರೆಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಯಾಚಿನ್ ಹಿಮನದಿಯ ಮೇಲೆ ಸೈನ್ಯವನ್ನು ನಿಲ್ಲಿಸುವ ನಿರ್ಣಯವು ಜಾರಿಗೆ ಬಂದುದು ೧೯೮೪ರ ಏಪ್ರಿಲಿನಲ್ಲಿ. ೨೦೧೬ರ ಫೆಬ್ರುವರಿ ೩ರಂದು ಅಲ್ಲಿ ಹತ್ತೊಂಬತ್ತು ಸಾವಿರ ಅಡಿಗಿಂತ ಎತ್ತರದ ಠಾಣ್ಯದ ಮೇಲೆ ಹಿಮವು ಕುಸಿದು ಹತ್ತು ಜನ ಹುಗಿದುಹೋದರು. ಆರು ದಿನ ಹಿಮದ ಕೆಳಗೆ ಜೀವ ಹಿಡಿದುಕೊಂಡಿದ್ದು ಹೊರಬಂದವನು ಒಬ್ಬನೇ; ಶಿಗ್ಗಾಂವಿಗೆ ನೆರೆಯದಾದ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಫೆಬ್ರುವರಿ ೧೧ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಆತನು ತೀರಿಕೊಂಡನು. ಆ ವಾರ ನಮ್ಮ ಊರುಗಳಲ್ಲಿ ದೀಪ ಹಚ್ಚದ ಮನೆಯಿರಲಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ದಿಲ್ಲಿಯ ಒಂದು ಕೋಣೆಯಲ್ಲಿ ಆಡಿದ ಮಾತು ಬೆಟದೂರಿನ ಒಂದು ಹೊಸ್ತಿಲನ್ನು ಹೀಗೆ ಮುಟ್ಟಿತು.

ಹಾಗಾದರೆ ಗುಟ್ಟೇ ಬೇಡವೆ? ಹಾಗೆಂದವನು ಮೂರ್ಖನು. ಸೈನ್ಯವು ನಾಳೆ ಎಲ್ಲಿಗೆ ಹೋಗುವದೆಂಬುದನ್ನು ಸಂತೆಯಲ್ಲಿ ಸಾರಿದರೆ ಮೊದಲು ಸಾಯುವವನು ನಮ್ಮ ಹುಡುಗನೇ. ಮಂತ್ರವು ಗುಪ್ತವಾಗಿರಲಿ, ಆದರೆ ಯಾವ ಸಂಗತಿಗಳ ಮೇಲೆ ಆ ಮಂತ್ರವು ನಿಂತಿತ್ತು ಎಂಬುದನ್ನು ಆಮೇಲಾದರೂ ಕೇಳುವ ಹಕ್ಕು ಯಾರಿಗಾದರೂ ಇರಬೇಕು. ಆಶ್ಚರ್ಯದ ಮಾತೇನಂದರೆ ಈ ಭೇದವನ್ನು ದೇಶದ ಕಾಯಿದೆಯಲ್ಲಿ ಗಟ್ಟಿಗೊಳಿಸಿದ ಮೊಕದ್ದಮೆಗೆ ನಮ್ಮ ಸೀಮೆಯವರ ಹೆಸರೇ ಇದೆ.

ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ೧೯೨೪ರಲ್ಲಿ ಕಾರಡಗಿಯಲ್ಲಿ ಹುಟ್ಟಿದವರು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು. ಕರ್ನಾಟಕದ ಏಕೀಕರಣಕ್ಕಾಗಿ ಓಡಾಡಿದವರು. ೧೯೮೮ರ ಆಗಸ್ಟಿನಲ್ಲಿ ಜನತಾಪಕ್ಷದ ಶಾಸಕರ ನಾಯಕರಾಗಿ ಮುಖ್ಯಮಂತ್ರಿಗಳಾದರು. ಮರುವರ್ಷದ ಏಪ್ರಿಲಿನಲ್ಲಿ ಹತ್ತೊಂಬತ್ತು ಜನ ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ರಾಜ್ಯಪಾಲರು ರಾಷ್ಟ್ರಪತಿಯವರಿಗೆ ವರದಿ ಬರೆದರು. ಮರುದಿನ ಆ ಹತ್ತೊಂಬತ್ತರಲ್ಲಿ ಏಳು ಜನರು ತಮ್ಮ ಪತ್ರಗಳನ್ನು ಹಿಂದಕ್ಕೆ ಪಡೆದರು. ಬೊಮ್ಮಾಯಿಯವರು ಕೇಳಿದ್ದು ಇಷ್ಟೇ: ಸಭೆಯನ್ನು ಕರೆಯಿರಿ, ಅಲ್ಲಿ ಎಣಿಸಿರಿ. ಎಣಿಕೆಯಾಗಲಿಲ್ಲ, ೧೯೮೯ರ ಏಪ್ರಿಲ ೨೧ರಂದು ಸರಕಾರವು ವಜಾ ಆಯಿತು. ಉಚ್ಚ ನ್ಯಾಯಾಲಯದಲ್ಲಿ ಸೋತರು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಹೇಳಿದ್ದು ೧೯೯೪ರ ಮಾರ್ಚ ೧೧ರಂದು. ಅಷ್ಟರಲ್ಲಿ ಹೋದ ಅಧಿಕಾರವು ತಿರುಗಿ ಬರುವ ಕಾಲ ಮೀರಿ ಹೋಗಿತ್ತು. ಆದರೆ ತೀರ್ಪು ಉಳಿಯಿತು.

ಅದರ ಒಂದು ಭಾಗವನ್ನು ಎಲ್ಲರೂ ಬಲ್ಲರು: ಬಹುಮತದ ಪರೀಕ್ಷೆಯು ರಾಜಭವನದಲ್ಲಲ್ಲ, ಸದನದಲ್ಲಿ. ಇನ್ನೊಂದು ಭಾಗವನ್ನು ಬಲ್ಲವರು ಕಡಿಮೆ. ಮಂತ್ರಿಗಳು ರಾಷ್ಟ್ರಪತಿಯವರಿಗೆ ಏನು ಸಲಹೆ ಕೊಟ್ಟರೆಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಕೂಡದೆಂದು ಸಂವಿಧಾನದ ೭೪ನೆಯ ಅನುಚ್ಛೇದವು ಹೇಳುತ್ತದೆ. ನ್ಯಾಯಮೂರ್ತಿಗಳು ಆ ಗುಟ್ಟನ್ನು ಮುರಿಯಲಿಲ್ಲ. ಸಲಹೆಯು ಗುಪ್ತವೇ, ಆದರೆ ಸಲಹೆಗೆ ಆಧಾರವಾದ ಸಂಗತಿಗಳು ಸಲಹೆಯ ಭಾಗವಲ್ಲ, ಅವುಗಳನ್ನು ತೋರಿಸಿರೆಂದು ಕೇಳಬಹುದು ಎಂದು ನಿರ್ಣಯಿಸಿದರು. ಬೀಜವನ್ನು ಮುಚ್ಚಿಡಿರಿ, ಹೊಲವನ್ನು ತೋರಿಸಿರಿ ಎಂದ ಹಾಗಾಯಿತು. ಅಧಿಕಾರವನ್ನು ಕಳೆದುಕೊಂಡ ಕಾರಡಗಿಯ ವಕೀಲರಿಂದ ದೇಶಕ್ಕೆ ಬಂದ ಲಾಭವು ಯಾವ ಮಂತ್ರಿಪದವಿಯಿಂದಲೂ ಬಾರದಷ್ಟು ದೊಡ್ಡದು. ೧೯೯೬ರಲ್ಲಿ ದೇವೇಗೌಡರ ಮಂತ್ರಿಮಂಡಲದಲ್ಲಿ ಬೊಮ್ಮಾಯಿಯವರು ಶಿಕ್ಷಣದ ಖಾತೆಯನ್ನು ನೋಡುತ್ತಿದ್ದರು. ಮು೦ದೆ ೧೯೯೭ರ ಏಪ್ರಿಲ ೧೧ರಂದು ಲೋಕಸಭೆಯಲ್ಲಿ ಎಣಿಕೆಯಾಗಿ ದೇವೇಗೌಡರು ಸೋತಾಗ, ಸೋಲಾದರೂ ಸದನದಲ್ಲಿಯೇ ಆಯಿತು, ಪತ್ರಗಳ ಮೇಲೆ ಅಲ್ಲ.

ಭದ್ರತೆಯ ವಿಷಯದಲ್ಲಿಯೂ ಹೊಲವನ್ನು ತೋರಿಸಿದ ಒಂದು ಉದಾಹರಣೆಯುಂಟು. ಕಾರ್ಗಿಲ್ ಯುದ್ಧವಾದ ಮೇಲೆ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಎಲ್ಲಿ ಕಣ್ಣು ತಪ್ಪಿತೆಂಬುದನ್ನು ಶೋಧಿಸಿ ವರದಿ ಕೊಟ್ಟಿತು. ೨೦೦೦ದ ಫೆಬ್ರುವರಿಯಲ್ಲಿ ಆ ವರದಿಯನ್ನು ಕೆಲವು ಭಾಗಗಳನ್ನು ತೆಗೆದು ಸಂಸತ್ತಿನ ಮುಂದಿಟ್ಟರು. ಸಲಹೆಗಾರರ ಹುದ್ದೆಯು ಬೇರೆ ಕೆಲಸದೊಡನೆ ಸೇರಿರದೆ ಪೂರ್ಣಾವಧಿಯದಾಗಿರಬೇಕೆಂದು ಅದರಲ್ಲಿಯೇ ಸೂಚನೆಯಿತ್ತು. ಬೃಜೇಶ ಮಿಶ್ರರು ಪ್ರಧಾನಿಯವರ ಮುಖ್ಯ ಕಾರ್ಯದರ್ಶಿತ್ವವನ್ನೂ ಇದನ್ನೂ ೨೦೦೪ರ ವರೆಗೆ ಕೂಡಿಯೇ ನಡಿಸಿದರು. ಅದು ಹೇಗೇ ಇರಲಿ, ತೆಗೆದ ಭಾಗಗಳನ್ನು ಬಿಟ್ಟು ಉಳಿದುದನ್ನಾದರೂ ಇಂದು ಯಾರಾದರೂ ಓದಬಹುದು. ಗಲ್ವಾನದ ವಿಷಯದಲ್ಲಿ ಅಂಥ ವರದಿಯು ನಮ್ಮ ಕೈಗೆ ಬಂದಿಲ್ಲ.

ಆದುದರಿಂದ ಸಲಹೆಗಾರರ ಪೀಠಕ್ಕೆ ಶಾಸಕರು ಬರಬೇಕೋ ಪೋಲೀಸಿನವರು ಬರಬೇಕೋ ಎಂಬ ವಾದದಲ್ಲಿ ನಮಗೆ ವಿಶೇಷ ಆಸಕ್ತಿಯಿಲ್ಲ. ಯಾರೇ ಕುಳಿತರೂ, ಅವರ ಸಲಹೆಯಂತೆ ನಡೆದುದಕ್ಕೆ ಸದನದಲ್ಲಿ ಎದ್ದುನಿಂತು ಉತ್ತರ ಕೊಡುವ ಮಂತ್ರಿಯೊಬ್ಬರಿದ್ದಾರೆ. ಅವರನ್ನು ಎಬ್ಬಿಸುವವರು ನಮ್ಮ ಸದಸ್ಯರು. ಲೋಕಸಭೆಯ ನಿಯಮಗಳ ಪ್ರಕಾರ ಸಂಪುಟದ ಒಳಮಾತುಗಳನ್ನೂ ರಾಷ್ಟ್ರಪತಿಯವರಿಗೆ ಕೊಟ್ಟ ಸಲಹೆಯನ್ನೂ ಕುರಿತು ಸಾಮಾನ್ಯವಾಗಿ ಪ್ರಶ್ನೆ ಕೇಳಲಿಕ್ಕೆ ಬಾರದು. ಆದರೆ ಒಂದು ಠಾಣ್ಯದ ಯೋಧರಿಗೆ ಹಿಮದ ಬೂಟುಗಳು ಹೊತ್ತಿಗೆ ಸರಿಯಾಗಿ ಮುಟ್ಟಿದವೋ ಇಲ್ಲವೋ, ಗಾಯಗೊಂಡವರ ಪಿಂಚಣಿಯು ಎಷ್ಟು ದಿನಕ್ಕೆ ಮಂಜೂರಾಗುತ್ತದೆ, ಒಂದು ಒಪ್ಪಂದವನ್ನು ಪುನಃ ವಿಚಾರಿಸುವ ಕಾಲವು ಬಂದಿತೋ ಎಂಬುದನ್ನೆಲ್ಲ ಕೇಳಬಹುದು. ಸದಸ್ಯರು ಹದಿನೈದು ದಿನ ಮೊದಲು ಲಿಖಿತ ಸೂಚನೆ ಕೊಡಬೇಕು. ನಕ್ಷತ್ರದ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತು. ಅವುಗಳಿಗೆ ಮಂತ್ರಿಗಳು ಬಾಯಿಂದಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. ಉಳಿದವುಗಳಿಗೆ ಬರಹದ ಉತ್ತರ ಬರುತ್ತದೆ.

ಪತ್ರ ಬರೆಯುವವರು ಒಂದು ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು. ನಮ್ಮ ನಾಲ್ಕು ಊರುಗಳು ಒಂದೇ ಹಾವೇರಿ ಜಿಲ್ಲೆಯಲ್ಲಿದ್ದರೂ ಲೋಕಸಭೆಯ ಮಟ್ಟಿಗೆ ಒಂದೇ ಮನೆಯಲ್ಲಿಲ್ಲ. ಹಾನಗಲ್ಲ, ಹಿರೇಕೆರೂರಿನವರು ಹಾವೇರಿ ಕ್ಷೇತ್ರದ ಸದಸ್ಯರಿಗೆ ಬರೆಯಬೇಕು. ಶಿಗ್ಗಾಂವಿಯ ವಿಧಾನಸಭಾ ಕ್ಷೇತ್ರವು ಧಾರವಾಡಕ್ಕೆ ಸೇರಿರುವುದರಿಂದ ಶಿಗ್ಗಾಂವಿಯವರೂ ಸವಣೂರಿನವರೂ ಧಾರವಾಡದ ಸದಸ್ಯರಿಗೆ ಬರೆಯಬೇಕು.